ಹಳದಿ ಗೆರೆಯ ಡೊಂಕೂ ನನ್ನ ಮಾವನ ಭುಜವೂ

ಮಾನ್ಯ ನಿಲ್ದಾಣಾಧಿಕಾರಿಗಳೇ,

ನಿಮ್ಮ ವಿಮಾನ ನಿಲ್ದಾಣದ ನೆಲದ ಮೇಲೆ ಒಂದು ಹಳದಿ ಗೆರೆ ಡೊಂಕಾಗಿದೆ. ಆ ಡೊಂಕಿನಿಂದ ನನ್ನ ಸೋದರಮಾವನ ಎಡಭುಜ ಮುರಿದಿದೆ. ನೀವು ಅಮಾನತು ಮಾಡಿರುವುದು ಮಾವನನ್ನು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆಯನ್ನು ಹಾಸ್ಟೆಲಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಅರ್ಥವಾದದ್ದು ನಿಮ್ಮ ಆದೇಶ ಓದಿದ ಮೇಲೆ.

ನಾನು ವಿಮಾನ ದುರಸ್ತಿ ಕೋರ್ಸಿನ ಮೊದಲ ವರ್ಷದ ವಿದ್ಯಾರ್ಥಿನಿ. ಐದನೇ ತರಗತಿಯಿಂದ ಹಾಸ್ಟೆಲು, ಇಂಗ್ಲಿಷು. ಇಲ್ಲಿ ಕಾಗುಣಿತ ತಪ್ಪಿದ್ದರೆ ಅದೊಂದನ್ನೇ ಹಿಡಿದುಕೊಂಡು ಉಳಿದದ್ದನ್ನು ಪಕ್ಕಕ್ಕಿಡಬೇಡಿ ಎಂದು ಮೊದಲೇ ಬೇಡಿಕೊಳ್ಳುತ್ತೇನೆ. ರಜೆ ಬಂದರೆ ನನಗೆ ಮನೆ ಎಂದರೆ ಮಾವನ ಮನೆ. ಖಾಸಗಿಯವರ ಸಣ್ಣ ವಿಮಾನಗಳು ಇಳಿದು ನೆಲದ ಮೇಲೆ ಉರುಳುತ್ತ ಬಂದಾಗ, ಎರಡೂ ಕೈಯಲ್ಲಿ ಕಿತ್ತಳೆ ಬಣ್ಣದ ಕೋಲು ಹಿಡಿದು ಎದುರಿಗೆ ನಿಂತು, ಸನ್ನೆ ಮಾಡಿ ಅವುಗಳ ಜಾಗಕ್ಕೆ ಕರೆದೊಯ್ದು ನಿಲ್ಲಿಸುವುದು ಅವರ ಕೆಲಸ. ಆಮೇಲೆ ಚಕ್ರಕ್ಕೆ ಮರದ ತುಂಡು ಅಡ್ಡ ಕೊಟ್ಟು, ರೆಕ್ಕೆಗೆ ಹಗ್ಗ ಬಿಗಿಯಬೇಕು. "ಇವರಿಗೆ ಸ್ಕೂಟರ್ ನೆಟ್ಟಗೆ ನಿಲ್ಲಿಸೋಕೆ ಬರಲ್ಲ, ಇವರು ಕೈ ಬೀಸಿದ್ರೆ ವಿಮಾನ ನಿಲ್ಲುತ್ತಂತೆ" ಎಂದು ಅತ್ತೆ ಗೇಲಿ ಮಾಡುತ್ತಿದ್ದರು. ನಿಂತಿವೆ ಸ್ವಾಮಿ. ಹತ್ತೊಂಬತ್ತು ವರ್ಷ, ಒಂದು ಗೀರೂ ಇಲ್ಲದೆ ನಿಂತಿವೆ.

ಗೆರೆ ಡೊಂಕಾದ ಕಥೆ ನಿಮಗೆ ಗೊತ್ತಿಲ್ಲವೆಂದು ನಟಿಸಬೇಡಿ. ವಿಮಾನಗಳು ಮುಂದಿನ ಚಕ್ರ ಇಟ್ಟುಕೊಂಡು ಬರಬೇಕಾದ ಆ ಗೆರೆ ಮಾಸಿತ್ತು, ಕಳೆದ ತಪಾಸಣೆಯ ಹಿಂದಿನ ದಿನ ಅದಕ್ಕೆ ಹೊಸ ಬಣ್ಣ ಬಳಿಸಿದಿರಿ. ಗೆರೆಯ ಮೇಲೆಯೇ ಟಯರ್ ಪಂಕ್ಚರ್ ಆದ ಒಂದು ವಿಮಾನ ನಿಂತಿತ್ತು. ಮಾಲೀಕರು ಊರಲ್ಲಿರಲಿಲ್ಲ. ದೊಡ್ಡವರ ವಿಮಾನವನ್ನು ಅಪ್ಪಣೆಯಿಲ್ಲದೆ ಎಳೆಯುವ ಎದೆಗಾರಿಕೆ ನಿಮ್ಮ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ. ಬಣ್ಣ ಬಳಿದವರನ್ನು ಹುಡುಕಿಕೊಂಡು ಹೋಗಿ ಕೇಳಿದೆ. "ಮಧ್ಯದಲ್ಲಿ ವಿಮಾನ ನಿಂತಿದೆ ಸಾರ್ ಅಂದೆ ಕಣಮ್ಮ. ಸುತ್ತಿಕೊಂಡು ಹೋಗಪ್ಪಾ, ನಾಳೆ ತಪಾಸಣೆ ಅಂದ್ರು. ಸುತ್ತಿಕೊಂಡು ಹೋದೆ" ಎಂದರು. ಆ ವಿಮಾನ ಹೊಸ ಟಯರ್ ಹಾಕಿಸಿಕೊಂಡು ವಾರದೊಳಗೆ ಹಾರಿಹೋಯಿತು. ಅದಕ್ಕೆ ನೀವು ಬರೆಸಿದ ಪ್ರದಕ್ಷಿಣೆ ಮಾತ್ರ ನೆಲದ ಮೇಲೆ ಉಳಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಇಲ್ಲಿ ಡೊಂಕು ನಿಜವಾಗಿಯೂ ನೆಲದ ಮೇಲೇ ಇದೆ, ಬಂದು ನೋಡಿ.

ನಾನು ನೋಡಿದೆ. ಸ್ವಭಾವತಃ ಅಂಜುಬುರುಕಿ ನಾನು. ಬಾಗಿಲ ಬೀಗವನ್ನು ಮೂರು ಸಲ ಜಗ್ಗದೆ ಹೊರಡಲಾರೆ. ಹಾಗಾಗಿ ಮೂರು ಸಲ ಅಳೆದೆ. ಟೇಪಿನ ಇನ್ನೊಂದು ತುದಿ ಹಿಡಿದವರು ಇಂಧನ ಪಂಪಿನ ನೌಕರರು, ಎಲ್ಲರೂ ಪಂಪಣ್ಣ ಎಂದು ಕರೆಯುವವರು. ಡೊಂಕಿನ ತುದಿಯಿಂದ ಪಂಪಿನ ಪಕ್ಕದ ಕಂಬಕ್ಕೆ ಐದು ಮೀಟರ್ ಹತ್ತು ಸೆಂಟಿಮೀಟರ್. ಮಾವನ ಭುಜ ಮುರಿದ ದಿನ ಬಂದ ನಾಲ್ಕು ಸೀಟಿನ ವಿಮಾನದ ಒಂದು ಬದಿಯ ರೆಕ್ಕೆ, ನಡುವಿನಿಂದ ತುದಿಯವರೆಗೆ, ಐದು ಮೀಟರ್ ನಲವತ್ತು. ಮುಂದಿನ ಚಕ್ರ ಗೆರೆಯ ಮೇಲಿದ್ದರೆ ರೆಕ್ಕೆ ಒಂದು ಸ್ಕೇಲಿನಷ್ಟು ಕಂಬದೊಳಗೆ ಹೋಗಬೇಕು. ಈ ಲೆಕ್ಕಕ್ಕೆ ಕಾಲೇಜು ಬೇಕೇ?

ಮಾವನಿಗೆ ಟೇಪೂ ಬೇಕಿರಲಿಲ್ಲ, ಕಣ್ಣಳತೆ ಸಾಕಿತ್ತು. ಗೆರೆ ಬಳಿದ ದಿನದಿಂದ ಅವರು ಪ್ರತಿ ವಿಮಾನವನ್ನೂ ಎರಡು ಹೆಜ್ಜೆ ಎಡಕ್ಕೆ ಸರಿಸಿಯೇ ಕರೆಯುತ್ತಿದ್ದರು. ಸ್ಥಳೀಯ ಪೈಲಟ್‌ಗಳಿಗೆಲ್ಲ ಒಂದೇ ಮಾತು: "ಗೆರೆ ನೋಡಬೇಡಿ, ನನ್ನ ನೋಡಿ." ಗೆರೆ ಸರಿಪಡಿಸಿ ಎಂದು ನಿಮ್ಮ ಮೇಜಿನ ಮುಂದೆಯೂ ಮೂರು ಸಲ ನಿಂತರು. ಗೆರೆ ತಪಾಸಣೆಯಲ್ಲಿ ಪಾಸಾಗಿದೆ, ಈಗ ಮುಟ್ಟಿದರೆ ಮತ್ತೆ ತಪಾಸಣೆ ಮಾಡಿಸಬೇಕಾಗುತ್ತದೆ ಎಂದು ಮೂರು ಸಲವೂ ಹೇಳಿದಿರಿ. ಗೆರೆ ಪಾಸಾಯಿತು, ಮಾವ ಫೇಲಾದರು.

ಅಂದು ಬಂದ ಪೈಲಟ್ ಈ ಊರಿಗೆ ಹೊಸಬರು. ಅವರನ್ನು ನಾನು ದೂರುವುದಿಲ್ಲ. ಹೊಸ ಜಾಗ, ತಪ್ಪಾಗಬಾರದು ಎಂದು ಕಣ್ಣು ಕೀಳದೆ ಗೆರೆಯನ್ನೇ ನೋಡುತ್ತ ಬಂದರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಮಾವ ಎಡಕ್ಕೆ ಬೀಸಿದರು. ಆಮೇಲೆ ಕೋಲುಗಳನ್ನು ತಲೆಯ ಮೇಲೆ ಅಡ್ಡ ಹಿಡಿದು ನಿಲ್ಲು ಎಂದರು. ಪೈಲಟ್ ತಲೆ ಎತ್ತಲಿಲ್ಲ. ಕಂಬದ ಬುಡದಲ್ಲಿ ಪಂಪಣ್ಣ ಬೆನ್ನು ಹಾಕಿ ಪೈಪು ಸುತ್ತುತ್ತಿದ್ದರು. ಕೂಗಿದರೂ ಕೇಳಿಸದಷ್ಟು ಎಂಜಿನ್ನಿನ ಸದ್ದು, ಎದೆಯೆತ್ತರಕ್ಕೆ ಬರುತ್ತಿರುವ ರೆಕ್ಕೆ. ಮಾವ ಕೋಲು ಬಿಸಾಡಿ, ಪ್ರೊಪೆಲ್ಲರನ್ನು ದೂರದಿಂದ ಬಳಸಿ ಓಡಿ, ಪಂಪಣ್ಣನನ್ನು ಆಚೆ ದಬ್ಬಿದರು. ರೆಕ್ಕೆಗೂ ಕಂಬಕ್ಕೂ ನಡುವೆ ಸಿಕ್ಕಿದ್ದು ಅವರ ಭುಜ.

ನಿಮ್ಮ ಆದೇಶದ ಸಾಲು ನನಗೆ ಈಗ ಬಾಯಿಪಾಠ: "ಪೈಲಟ್ ಗೆರೆಯನ್ನು ಪಾಲಿಸಿದ್ದಾರೆ. ಗೆರೆಯಿಂದ ಹೊರಬರುವಂತೆ ಸನ್ನೆ ಮಾಡಿದ್ದು ಹಾಗೂ ಚಲಿಸುತ್ತಿದ್ದ ವಿಮಾನದ ಬಳಿಗೆ ಓಡಿದ್ದು ನೌಕರನ ನಿಯಮೋಲ್ಲಂಘನೆ." ಎಂಥ ಅಚ್ಚುಕಟ್ಟು! ಪಂಪಣ್ಣನ ಹೆಸರೇ ಇಲ್ಲ. ಬದುಕಿ ಉಳಿದವರು ನಿಮ್ಮ ಕಡತಕ್ಕೆ ಲೆಕ್ಕವಿಲ್ಲವೇ?

ಕಳೆದ ವಾರ ನಿಮ್ಮ ಗುಮಾಸ್ತರು ಮನೆಗೆ ಒಂದು ಕಾಗದ ತಂದರು. ತಪ್ಪು ತಮ್ಮದೇ ಎಂದು ಮಾವ ಸಹಿ ಹಾಕಿದರೆ ಗೇಟಿನಲ್ಲಿ ಕೆಲಸ ಕೊಡುತ್ತೀರಂತೆ, ಇಲ್ಲದಿದ್ದರೆ ಸೋಮವಾರದ ವಿಚಾರಣೆಯಲ್ಲಿ ವಜಾ. "ಹಾಕಿಬಿಡೀ ಅಂದ್ರೆ, ಗೇಟಾದರೂ ಇರಲಿ" ಎಂದು ಅತ್ತೆ ಅತ್ತರು. ನಾನೂ ಒಳಗೊಳಗೇ ಹಾಕಲಿ ಎಂದುಕೊಂಡೆ, ಸುಳ್ಳು ಹೇಳುವುದಿಲ್ಲ. ಮಾವ ಬಲಗೈಯಲ್ಲಿ ಪೆನ್ನು ಹಿಡಿದು ಕಾಗದವನ್ನು ಕೊನೆಯವರೆಗೆ ಓದಿದರು. ಆಮೇಲೆ ಸಹಿ ಹಾಕದೆ ಎರಡನ್ನೂ ನನ್ನ ಕೈಗೆ ಕೊಟ್ಟರು.

"ಸಹಿ ಹಾಕಿದ್ರೆ ಗೆರೆ ಹಾಗೇ ಉಳಿಯುತ್ತೆ ಕಣೆ."

ಗೆರೆ ಈಗಲೂ ಹಾಗೆಯೇ ಇದೆ. ಅದನ್ನು ನೋಡಬೇಡಿ ಎನ್ನುವವರು ಮನೆಯಲ್ಲಿದ್ದಾರೆ. ಆದ್ದರಿಂದ ನನ್ನ ಬೇಡಿಕೆ ಇಷ್ಟು: ಇಂದೇ ಆ ಡೊಂಕನ್ನು ಅಳಿಸಿ, ಆದೇಶ ಹಿಂತೆಗೆದುಕೊಳ್ಳಿ. ಆಗುವುದಿಲ್ಲ, ಗೆರೆ ಸರಿಯಾಗಿಯೇ ಇದೆ ಎನ್ನುವುದಾದರೆ ಸೋಮವಾರದ ವಿಚಾರಣೆಯನ್ನು ನಿಮ್ಮ ಕೊಠಡಿಯಲ್ಲಿ ಬೇಡ, ಆ ಕಂಬದ ಬುಡದಲ್ಲಿ ನಡೆಸಿ. ನೀವು ಕಂಬಕ್ಕೆ ಬೆನ್ನು ಕೊಟ್ಟು ನಿಲ್ಲಿ. ಅದೇ ವಿಮಾನ ಗೆರೆಯ ಮೇಲೇ ಬರಲಿ. ಮಾವ ಎದುರಿಗೆ ನಿಂತು ಇರುವ ಒಂದು ಕೈಯಲ್ಲೇ ಸನ್ನೆ ಮಾಡುತ್ತಾರೆ. ಪೈಲಟ್ ಗೆರೆಯನ್ನು ನೋಡಬೇಕೋ, ಮಾವನನ್ನು ನೋಡಬೇಕೋ, ಅಲ್ಲಿಂದ ನೀವೇ ಕೂಗಿ ಹೇಳಿ.

ಇಂತಿ,
ಸಹಿಯಿಲ್ಲದ ಕಾಗದವನ್ನೂ ಟೇಪನ್ನೂ ಜೋಪಾನವಾಗಿ ಇಟ್ಟುಕೊಂಡಿರುವ,
ನಿಯಮೋಲ್ಲಂಘಕರ ಸೋದರಸೊಸೆ