ಪಂಪಿನವನ ವರದಿ

ಫೆಬ್ರವರಿ 3, ಬೆಳಿಗ್ಗೆ 6

ಎರಡೂ ಪಂಪ್ ಓಡ್ತಿವೆ. ಗಣಿಯ ಕೆಳಗಿನ ಸುರಂಗದಲ್ಲಿ ನೀರು ನಿನ್ನೆಗಿಂತ ನಾಲ್ಕು ಬೆರಳು ಹೆಚ್ಚು. ಮೇಲೆ ಹಿಮ ಕರಗ್ತಿದೆ. ವರದಿ ಬರೆದು ಡೈರೆಕ್ಟರ ಆಫೀಸಿಗೆ ಕೊಟ್ಟೆ. ಜೊತೆಗೆ ಪಂಪ್ ನೋಡ್ಕೊಳ್ತಿದ್ದ ಸುವಾದ್ ಕೆಲಸ ಹುಡುಕಿ ಸ್ಲೊವೇನಿಯಾಕ್ಕೆ ಹೋದಮೇಲೆ ಅವನ ಪಾಳಿಯೂ ನನ್ನದೇ. ಸಂಬಳವಿಲ್ಲದೆ ಇದು ಮೂರನೇ ತಿಂಗಳು.

ಇವತ್ತಿನಿಂದ ಮುಷ್ಕರ. ಕಲ್ಲಿದ್ದಲು ಅಗೆಯೋರು ಒಬ್ಬರೂ ಇಳಿಯಲಿಲ್ಲ. ಮುಂದಾಳು ಮೆವ್ಲೊ, ನನ್ನ ಹೆಂಡತಿ ಹಸ್ನಾಳ ತಮ್ಮ. ಗೇಟಿನಲ್ಲಿ ತಡೆದ.

"ಭಾವ, ನೀವೂ ಇಳೀಬೇಡಿ."

"ಪಂಪ್ ನಿಂತ್ರೆ ನಾಲ್ಕೇ ದಿನಕ್ಕೆ ಸುರಂಗ ಮುಳುಗುತ್ತೆ ಕಣೋ."

"ಮುಳುಗ್ಲಿ ಬಿಡಿ. ಸಂಬಳ ಕೊಡದ ಗಣಿ ಯಾರಿಗೆ ಬೇಕು?"

"ನಾಳೆ ಕೊಟ್ರೆ ಎಲ್ಲಿ ಇಳೀತೀಯ?"

ದಾರಿ ಬಿಟ್ಟ. ಮುಖ ನೋಡಲಿಲ್ಲ.

ಫೆಬ್ರವರಿ 5

ಕಾಫಿ ಅಂಗಡಿಗೆ ಹೋದೆ. ಮಾತು ನಿಂತಿತು. "ಸರಿದು ಕೂತ್ಕೊಳ್ರಪ್ಪ, ಡೈರೆಕ್ಟರ ಅಳಿಯ ಬಂದ್ರು" ಅಂದ ಯಾರೋ. ನಕ್ಕರು. ನನಗೂ ಸಂಬಳ ಬಂದಿಲ್ಲ ಅನ್ನಬೇಕು ಅನ್ನಿಸ್ತು... ಕಾಫಿ ಅರ್ಧಕ್ಕೇ ಬಿಟ್ಟು ಎದ್ದು ಬಂದೆ.

ಮನೆಯಲ್ಲಿ ಮತ್ತೆ ಹಿಟ್ಟಿನ ಹಾಳೆಗೆ ಆಲೂಗಡ್ಡೆ ತುಂಬಿ ಸುಟ್ಟ ಪೀತಾ. ಹಸ್ನಾ ತಟ್ಟೆ ಕುಕ್ಕಿದಳು. "ಇದೇ ಕೊನೇ ಹಿಟ್ಟು. ಅಂಗಡಿಯವಳು ಉದ್ರಿ ಕೊಡಲ್ಲ ಅಂದ್ಲು. ಆ ನೀರನ್ನ ನೋಡ್ಕೊಂಡಷ್ಟು ನಮ್ಮನ್ನೂ ನೋಡ್ಕೊಳ್ಳಿ."

ಫೆಬ್ರವರಿ 11

ಸರಾಯೆವೊದ ದೊಡ್ಡ ಆಫೀಸಿನಿಂದ ದುಡ್ಡು ಬಂತು. ಸಂಬಳ ಬಂತು ಅಂತ ಬೆಳಿಗ್ಗೆ ಗೇಟಿನಲ್ಲಿ ಮುಷ್ಕರದವರು ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮಧ್ಯಾಹ್ನ ಗೊತ್ತಾಯ್ತು — ಪೂರ್ತಿ ಕರೆಂಟ್ ಬಾಕಿಗೆ ಕಟ್ಟಿಬಿಟ್ಟಿದ್ದಾರೆ.

ನೇರ ಡೈರೆಕ್ಟರ ಹತ್ತಿರ ಹೋದೆ. ಅವರದು ತಣ್ಣಗಿನ ದನಿ.

"ಕರೆಂಟ್ ಕಡಿದ್ರೆ ಪಂಪ್ ನಿಲ್ತಿತ್ತು. ನಾಲ್ಕು ದಿನಕ್ಕೆ ಮುಳುಗುತ್ತೆ ಅಂತ ನೀವೇ ಬರೆದಿದ್ದೀರಲ್ಲ, ಹಿದಾಯೆತ್ ಅವರೇ. ಅದನ್ನೇ ತೋರಿಸಿ ಒಪ್ಪಿಗೆ ತಗೊಂಡೆ."

ಮೇಜಿನ ಮೇಲೆ ನನ್ನ ವರದಿ. ನನ್ನ ಸಹಿ. ಒಂದಕ್ಷರ ಸುಳ್ಳಿಲ್ಲ.

ಫೆಬ್ರವರಿ 12, ಮಧ್ಯಾಹ್ನ

ಬೇರೆಯವರ ಬಾಯಿಂದ ತಿಳಿಯೋದು ಬೇಡ. ದುಡ್ಡು ಹೋಗಿದ್ದು ನನ್ನ ವರದಿ ತೋರಿಸಿ ಅಂತ ಗೇಟಿಗೆ ಹೋಗಿ ನಾನೇ ಹೇಳಿದೆ. ಒಬ್ಬ ಉಗುಳಿದ. ಮೆವ್ಲೊ ನನ್ನ ಕಾಲರಿಗೇ ಕೈ ಹಾಕಿದ.

"ನನ್ನ ಮಕ್ಕಳ ರೊಟ್ಟೀನ ಬರೆದುಕೊಟ್ರಲ್ಲ ಭಾವ."

ಪಂಪ್ ಮನೆಯ ಕೀಲಿ ಅವನ ಅಂಗೈಗಿಟ್ಟೆ. "ನೀನೇ ಆರಿಸು. ನನಗೂ ಸಾಕಾಗಿದೆ."

ನಿಜವಾಗಿಯೂ ಬಂದ. ಇಬ್ಬರೂ ಇಳಿದೆವು. ನೀರಿನಾಚೆ ಅವನು ಹದಿನೆಂಟು ವರ್ಷ ಅಗೆದ ಜಾಗ. ಸ್ವಿಚ್ಚಿನ ಮೇಲೆ ಕೈಯಿಟ್ಟ. ತುಂಬಾ ಹೊತ್ತು. ಆರಿಸದೆ ಕೈ ತೆಗೆದ.

"ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು?" ಅಂದ.

ನೆನಪಾಗಲಿಲ್ಲ.

ಫೆಬ್ರವರಿ 15, ಬೆಳಿಗ್ಗೆ 11

ಈಗ ಪಂಪಿಗೆ ಮೂರು ಪಾಳಿ. ಮುಷ್ಕರದವರೇ ಸರದಿಯಲ್ಲಿ ಇಳೀತಾರೆ. ವರದಿ ಮಾತ್ರ ಆಫೀಸಿಗೆ ಹೋಗಲ್ಲ, ಗೇಟಿಗೆ ಬರುತ್ತೆ — ಮೆವ್ಲೊನ ತೀರ್ಮಾನ. ನಾನು ಮೊದಲ ಸಲ ಇವರ ಜೊತೆ ಬೆಂಚಿನ ಮೇಲೆ.

ಒಂದು ತಿಂಗಳದ್ದು ಅರ್ಧ ಕೊಡ್ತೀವಿ ಅಂತ ನಿನ್ನೆ ನೋಟಿಸ್ ಹಾಕಿದರು. ಯಾರೂ ಏಳಲಿಲ್ಲ. ಈಗ ಡೈರೆಕ್ಟರೇ ಗೇಟಿಗೆ ಬಂದರು. "ನೀರು ಎಷ್ಟಿದೆ? ಸರಾಯೆವೊದವರು ಕೇಳ್ತಿದ್ದಾರೆ."

"ನಮ್ಮ ಭಾವನ್ನ ಕೇಳಿ" ಅಂದ ಮೆವ್ಲೊ.

ಡೈರೆಕ್ಟರು ನನ್ನನ್ನ ಒಳಗೆ ಕರೆದಿದ್ದಾರೆ. ಮೆವ್ಲೊ ಎದ್ದು ನಿಂತು ಕಾಯ್ತಿದ್ದಾನೆ. ವರದಿ ಜೇಬಿನಲ್ಲಿದೆ. ಮೊದಲು ಸಂಬಳದ ತಾರೀಖು, ಆಮೇಲೆ ನೀರಿನ ಲೆಕ್ಕ.