ರೇಣುಕಾಳ ನಂಬರ್

ಆಗಸ್ಟ್ 20, ಬೆಳಿಗ್ಗೆ

ಅಂಗಳದ ಕೆಸರು ಬಳಿದು ಹಾಕಿದೆ. ಸೊಂಟ ಹಿಡಿಯಿತು, ಕೂತು ಬರೆಯುತ್ತಿದ್ದೇನೆ. ಹೊಳೆ ಇಳಿದಿದೆ, ಆದರೆ ಕೆಂಚನಗುಡ್ಡದ ಕೆಳಗೇರಿಯ ಗೋಡೆಗಳು ಇನ್ನೂ ನೆನೆದ ಬೆಲ್ಲದ ಹಾಗೆ. ಚೀಲದಲ್ಲಿದ್ದ ಭತ್ತ ಮೊಳಕೆ ಒಡೆದಿದೆ. ಕೆಳಗೇರಿಯವರೆಲ್ಲ ಸಾಲೆಯಲ್ಲಿ. ಮಕ್ಕಳಿಗೆ ನಿನ್ನೆಯಿಂದ ಬರೀ ಮಂಡಕ್ಕಿ.

ಮೊಮ್ಮಗ ಪ್ರದೀಪನ ಹೆಂಡತಿ ರೇಣುಕಾ ಚೊಚ್ಚಲ ಹೆರಿಗೆಗೆ ಕುರುಗೋಡಿಗೆ, ತವರಿಗೆ ಹೋಗಿದ್ದಾಳೆ. ಪ್ರದೀಪನನ್ನೂ ನಿನ್ನೆ ಅಲ್ಲಿಗೇ ಕಳಿಸಿದೆ. ಇಲ್ಲಿ ಅವನ ಮುಖ ನೋಡಲಾಗುತ್ತಿರಲಿಲ್ಲ.

ಇವತ್ತು ಬಳ್ಳಾರಿ ಗಾಂಧಿನಗರದ ಸಂಸ್ಥೆಯ ಲಾರಿ ಬರುತ್ತದೆ. ಮನೆಗೊಂದು ಕಿಟ್: ಅಕ್ಕಿ, ಬೇಳೆ, ತಾಡಪಾಲು. ಹಿಂದಿನ ಸಲ ಯಾರೋ ಲಾರಿ ಮೇಲಿಂದ ಎಸೆದರು. ತೋಳಿದ್ದವರಿಗೆ ಎರಡೆರಡು, ಕುಂಟ ಎರ್ರಿಗೆ ಒಂದೂ ಇಲ್ಲ. ಈ ಸಲ ಎಲ್ಲ ಫೋನಿನಲ್ಲಿ. ಮಳೆಗಾಲಕ್ಕೆ ಮುಂಚೆಯೇ ಸಂಸ್ಥೆಯ ಹುಡುಗರು ಹೆಸರು, ಫೋನ್ ನಂಬರ್ ಹತ್ತಿಸಿಕೊಂಡು ಹೋಗಿದ್ದಾರೆ. ಒಳ್ಳೆಯದೇ.

ಅದೇ ದಿನ, ಮಧ್ಯಾಹ್ನ

ಲಾರಿ ಬಂತು. ಸುಮ್ಮನೆ ನಿಂತಿದೆ.

ಸಂಸ್ಥೆಯ ಐಶ್ವರ್ಯ ತನ್ನ ಫೋನಿನಲ್ಲಿ ಸಾಲಿನ ಮೊದಲಿಗ ಗಾದೆಪ್ಪನ ಹೆಸರು ಒತ್ತಿದಳು. ಅವನ ಫೋನಿಗೆ ಒಟಿಪಿ ನಂಬರ್ ಬರಬೇಕು, ಅದನ್ನು ಹೇಳಿದರೆ ಮಾತ್ರ ಕಿಟ್.

"ಬಂತೇನ್ರಿ?"

"ನಂಗ್ಯಾಕ ಬರ್ತೈತಿ ಮೇಡಂ? ರೇಣುಕಾಗ ಬಂದಿರತೈತಿ."

ಹಿಂದೆ ಜ್ಯೋತಿಲಕ್ಷ್ಮಿ. "ನಂದೂ ರೇಣುಕಾನ ನಂಬರೇ ಐತ್ರಿ." ಸಾಲಿನ ಕೊನೆತನಕ ಅದೇ ಮಾತು.

ಗ್ಯಾಸು, ಪಿಂಚಣಿ, ಬ್ಯಾಂಕು... ಯಾರು ಕೇಳಿದರೂ ಕೆಳಗೇರಿಯವರು ಕೊಡುವುದು ಅವಳದೇ. ಮೆಸೇಜು ಬಂದರೆ ಬಾಗಿಲಿಗೆ ಬಂದು ಓದಿ ಹೇಳುತ್ತಾಳಲ್ಲ. ಅವಳು ತವರಿಗೆ ಹೋದರೆ ಫೋನೂ ಹೋಗುತ್ತದೆ ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೂ.

"ಹಂಗ ಕೊಟ್ಬಿಡವ್ವಾ," ಅಂದೆ.

"ಆಗಲ್ಲಮ್ಮಾ. ನಂಬರಿಲ್ದೆ ಇದು ಮುಂದಕ್ಕೇ ಹೋಗಲ್ಲ. ಸಂಜೆಗೆ ಲಾರಿ ಬೇರೆ ಊರಿಗೆ ಹೋಗ್ಬೇಕು." ಅವಳ ಕಣ್ಣೂ ತುಂಬಿತ್ತು. ಆಕಾಶ ಕಪ್ಪಾಗುತ್ತಿದೆ.

ಅದೇ ದಿನ, ಮೂರರ ಮೇಲೆ

ಫೋನು ಹಚ್ಚಿದರೆ ರೇಣುಕಾ ಎತ್ತಲಿಲ್ಲ. ಪ್ರದೀಪ ಎತ್ತಿದ.

"ಅಜ್ಜೀ, ಬೆಳಿಗ್ಗಿಂದ ನೋವು. ಆಸ್ಪತ್ರ್ಯಾಗ ಅದೀವಿ, ಆಕೀನ್ನ ಒಳಗ ಕರ್ಕೊಂಡ್ಹೋಗ್ಯಾರ."

"ಆಕಿ ಫೋನು?"

"ಚೀಲದಾಗ ಐತಿ. ಚೀಲ ಒಳಗ ಐತಿ. ಗಂಡಸರನ್ನ ಬಿಡಂಗಿಲ್ಲ."

ಹೆರಿಗೆ ಕೋಣೆಯ ಬಾಗಿಲು ಬಡಿದು ಅಕ್ಕಿ ಕೇಳುವುದೇ? ಹಿಂತಿರುಗಿ ನೋಡಿದೆ. ಸಾಲೆಯ ಮೆಟ್ಟಿಲ ಮೇಲೆ ಮಕ್ಕಳು, ಲಾರಿಯನ್ನೇ ನೋಡುತ್ತ... ಆ ಫೋನು ಹೊರಗೆ ತರಿಸು ಅಂತ ಕೇಳಿದೆ.

ರೇಣುಕಾಳ ತಾಯಿ, ಬೀಗತಿ ಪಾರಮ್ಮ ಹೊರಗೆ ಬಂದು ಪ್ರದೀಪನ ಫೋನು ತೆಗೆದುಕೊಂಡಳು. "ಏನ್ರಿ ಬೀಗ್ತಿ, ಇಲ್ಲಿ ಹುಡುಗಿ ಹಲ್ಲು ಕಚ್ಕೊಂಡು ಬಿದ್ದಾಳ, ನಿಮಗ ಅಕ್ಕಿ ಚಿಂತಿ?"

ಫೋನು ಕಿವಿಗೆ ಹಿಡಿದೇ ನಿಂತೆ. ಅವಳು ಒಳಗೆ ಹೋಗಿ ಎಷ್ಟೋ ಹೊತ್ತಾದ ಮೇಲೆ ಮತ್ತೆ ಅವಳೇ—

"ತಗೋರಿ, ಫೋನು ಅಳಿಯಗ ಕೊಟ್ಟೀನಿ. ಆಕೀನೇ ಕೊಡು ಅಂದ್ಲು. ಊರು ಕಾಯಾಕತ್ತಿರತೈತಿ ಅಂತ."

ಅದೇ ದಿನ, ದೀಪ ಹಚ್ಚಿದ ಮೇಲೆ

ಇದನ್ನು ಬರೆಯಲೇಬೇಕು. ಐಶ್ವರ್ಯ ಇಲ್ಲಿ ಒತ್ತುವುದು, ಅಲ್ಲಿ ಟಿಣ್ ಅನ್ನುವುದು, ಪ್ರದೀಪ ಓದುವುದು, ನಾನು ಕೂಗುವುದು, ಕಿಟ್ ಇಳಿಯುವುದು. ಅವನು ಒಂದೆರಡು ಸಲ ತಪ್ಪು ಓದಿದ.

"ಲೇ ಪ್ರದೀಪಾ," ಗಾದೆಪ್ಪ ನನ್ನ ಫೋನಿಗೆ ಬಾಯಿ ಹಚ್ಚಿದ. "ಹಡಿಯಾಕತ್ತಾಕಿ ನಿನ್ ಹೆಂಡ್ತಿ. ನೀನ್ಯಾಕ ತೊದಲ್ತೀಯೋ?"

ಎರ್ರಿಯ ಕಿಟ್ಟನ್ನು ಅವನು ಕೂತಲ್ಲಿಗೇ ಒಯ್ದು ಕೊಟ್ಟರು. ಯಾರಿಗೂ ಕಸಿಯಲಾಗಲಿಲ್ಲ, ಹೆಸರು ಫೋನಿನಲ್ಲಿದೆಯಲ್ಲ.

ನಡುವೆ ಪ್ರದೀಪನ ದನಿ ನಿಂತಿತು. ಅಕ್ಕಿಯ ಮಾತು ಯಾರೂ ಎತ್ತಲಿಲ್ಲ.

"ಅಜ್ಜೀ... ಹೆಣ್ಣು. ಇಬ್ರೂ ಅರಾಮ ಅದಾರ."

ಜ್ಯೋತಿಲಕ್ಷ್ಮಿ ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ ನಂಬರ್ ಆಮ್ಯಾಲ ಹೇಳಾಕ ಹೇಳ್ರಿ. ಮದ್ಲ ಕೂಸಿನ ಮುಖ ನೋಡ್ಲಿ," ಅಂದಳು.

ನೋಡಿ ಬಂದ. ಉಳಿದದ್ದನ್ನೆಲ್ಲ ಓದಿದ. ಮಳೆ ಬೀಳುವಷ್ಟರಲ್ಲಿ ತಾಡಪಾಲು ಕಟ್ಟಿದ್ದಾಗಿತ್ತು.

ಆಗಸ್ಟ್ 27

ಐಶ್ವರ್ಯ ಮತ್ತೆ ಬಂದಿದ್ದಳು. ಮನೆಮನೆಗೆ ಹೋಗಿ ಅವರವರ ನಂಬರ್ ಹತ್ತಿಸಿದಳು. ಫೋನಿಲ್ಲದವರಿಗೆ ಪಕ್ಕದ ಮನೆಯದು. ಇನ್ನು ಮೇಲೆ "ನಿಮ್ಮ ಮೆಸೇಜು ಯಾರು ಓದ್ತಾರೆ" ಅಂತಲೂ ಕೇಳುತ್ತಾರಂತೆ. ನನ್ನ ಕೈಯ ಚಹಾ ಕುಡಿದು ಹೋದಳು.

ಸೆಪ್ಟೆಂಬರ್ 9, ಕುರುಗೋಡು

ಬೀಗತಿಗೆ ಮುನಿಸಿಲ್ಲ. ಹೋಳಿಗೆ ಮಾಡಿದ್ದಳು. ಕೂಸು ಬೆಚ್ಚಗೆ, ಮೂಗು ಪ್ರದೀಪನದೇ. ರೇಣುಕಾ ಹಾಲೂಡಿಸುತ್ತ ಫೋನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾಳೆ.

"ಇವತ್ತ ಎರಡನೇ ಲಾರಿ ಅಲ್ಲೇನಜ್ಜಿ? ಒಂದೂ ಮೆಸೇಜಿಲ್ಲ. ಎಲ್ರೂ ನನ್ನ ಮರ್ತ್ರು."

"ಬಾಣಂತಿ ಅದೀ. ಮಲಗವ್ವಾ," ಅಂದೆ. ಮುಖ ಸಣ್ಣದಾಯಿತು. ಇದನ್ನು ಬರೆಯುತ್ತಿದ್ದ ಹಾಗೆಯೇ ಈಗ ಟಿಣ್ ಅಂತು. ಓದಿ ನಗಲು ಶುರು ಮಾಡಿದ್ದಾಳೆ.

"ಗಾದೆಪ್ಪ ಮಾವ ನಂಬರ್ ಬದಲ್ಸೇ ಇಲ್ಲಜ್ಜೀ, ಇನ್ನೂ ನಂದೇ ಐತಿ." ಆಗಲೇ ಅವನಿಗೆ ಫೋನು ಹಚ್ಚಿದಳು. ಕೂಸನ್ನು ನನ್ನ ತೊಡೆಗೆ ಹಾಕಿದಳು, ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ— "ಮಾವಾ, ಹೇಳ್ರಿ ಆ ಮೇಡಂಗ. ನಾಕು... ಏಳು..."