ಗಿಳಿಯ ಗಂಟಲಲ್ಲಿ ಹೂಂ

ಓಝರ್, ನಾಶಿಕ ಜಿಲ್ಲೆ
೧೧ ಡಿಸೆಂಬರ್ ೨೦೧೧, ಭಾನುವಾರ

ಚಿರಂಜೀವಿ ನಿಖಿಲನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದೇ ಪತ್ರ ಶುರು ಮಾಡುವುದು ನನ್ನ ರೂಢಿ. ಮನೆಯಲ್ಲಿ ಒಬ್ಬರು ಕಡಿಮೆಯಾದ ಮೇಲೆ ‘ಎಲ್ಲರೂ’ ಎಂದು ಬರೆಯಲು ಕೈ ಏಳುತ್ತಿಲ್ಲ. ನಾನೂ ನಿಮ್ಮವ್ವನೂ ಕ್ಷೇಮ. ನೀನು ಕೇಳಿದ್ದಕ್ಕೆ ಉತ್ತರ ಕೊಡಲು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ನೀನು ಫೋನು ಮಾಡಿದಾಗ ಅಜ್ಜಿಯ ದಿವಸದ ಅಡುಗೆಯ ಪಾತ್ರೆಗಳನ್ನು ಹಿತ್ತಲಲ್ಲಿ ಇನ್ನೂ ತೊಳೆಯುತ್ತಿದ್ದರು. “ಅಪ್ಪಾ, ನಿಮ್ಮ ಮತ್ತ ಅಜ್ಜಿ ಕಾಮೆಂಟ್ ನಮ್ಮ ಪೇಜಿನ್ಯಾಗ ಲೈ ಭಾರಿ ನಡೀತಾವ. ಹೊಸಾ ಪಿಚ್ಚರ್ ಬಗ್ಗೆ, ಗೇಮ್ ಬಗ್ಗೆ ಜಲ್ದಿ ಬರದು ಕಳಸ್ರಿ ನಾ” ಎಂದೆ. ಪಾತ್ರೆಯ ಸದ್ದಿನಲ್ಲಿ ನನಗೆ ಸರಿಯಾಗಿ ಕೇಳಲಿಲ್ಲವೆಂದು ನೀನು ಎರಡು ಸಲ ಹೇಳಿದೆ.

ನಿನಗೆ ಕನ್ನಡ ಓದಲು ಬರುವುದಿಲ್ಲ. ಗೊತ್ತಿದ್ದೇ ಕನ್ನಡದಲ್ಲಿ ಬರೆದಿದ್ದೇನೆ. ಇಮೇಲ್ ಆಗಿದ್ದರೆ ನೀನು ಮೇಲಿನ ನಾಲ್ಕು ಸಾಲು ನೋಡಿ ಮುಚ್ಚಿಬಿಡುತ್ತಿದ್ದೆ. ಇದನ್ನು ಹರಿದಾಸ ಕಾಕಾ ನಿನ್ನ ಹಾಸ್ಟೆಲಿರುವ ಔರಂಗಾಬಾದಿನಲ್ಲೇ ತಮ್ಮ ಮನೆಯಲ್ಲಿ ನಿನ್ನನ್ನು ಎದುರಿಗೆ ಕೂಡಿಸಿಕೊಂಡು ಓದುತ್ತಾರೆ. ಬ್ಯಾಂಕಿನಲ್ಲಿ ಎಷ್ಟು ಊರಿಗೆ ವರ್ಗವಾದರೂ ಅವರ ಗಂಟಲಿನಿಂದ ನಮ್ಮೂರು ಹೋಗಿಲ್ಲ.

ಹರಿದಾಸ, ನಮ್ಮ ಕಡೆಯ ಕತೆಯ ಕಟ್ಟಳೆ ನಿನಗೆ ಹೇಳಬೇಕಾಗಿಲ್ಲ. ಕೇಳುವವನು ಹೂಂ ಅನ್ನಬೇಕು, ಹೂಂ ನಿಂತರೆ ಕತೆಯೂ ನಿಲ್ಲಬೇಕು. ಒಂದು ಸಂಗತಿ ಮುಗಿದ ಕೂಡಲೇ ತಡೆದು ಅವನ ಮುಖ ನೋಡು. ಹೂಂ ಅಂದರೆ ಮುಂದೆ ಓದು. ಅನ್ನದಿದ್ದರೆ ಕಾಗದ ಮಡಚಿಟ್ಟು, ಚಹಾ ಕುಡಿಸಿ ಕಳಿಸಿಬಿಡು.

ನಿಖಿಲಾ, ನನಗೆ ನಿನ್ನಿಂದ ತಿಳಿಯಬೇಕಾದದ್ದು ಒಂದೇ. ಅಜ್ಜಿ ಕಡೆಯ ಸಂಜೆ ನಿನಗೆ ಹೇಳಿದ್ದು ಯಾವ ಕತೆ? ಅದು ನನಗೆ ಬೇಕು. ಅವಳ ಹೊಟ್ಟೆಯಲ್ಲಿ ಹುಟ್ಟಿದವನು ನಾನು, ಅವಳ ಕಡೆಯ ಕತೆ ನನಗೆ ಗೊತ್ತಿಲ್ಲ. ಅದು ಇರುವುದು ನಿನ್ನ ಕಿವಿಯಲ್ಲಿ ಮಾತ್ರ.

ಇರಲಿ. ಮೊದಲು ನೀನು ಕೇಳಿದ್ದು.

ಬರುವ ವರ್ಷದ ಸಿನಿಮಾಗಳ ಟ್ರೇಲರ್ ಮೂರೂ ನೋಡಿದೆ. ರೆಕ್ಕೆಯ ಹಾವು, ಮಾತಾಡುವ ಮರ ಅಂದರೆ ಉಣ್ಣುವುದನ್ನು ಬಿಟ್ಟು ಕೂಡುವವನು ನಾನು, ನಿನಗೆ ಗೊತ್ತು. ಆದರೂ ಹೇಳುತ್ತೇನೆ, ಆ ರೆಕ್ಕೆಯ ಹಾವಿನ ಸಿನಿಮಾದವರಿಗೆ ಕತೆ ಹೇಳಲು ಬರುವುದಿಲ್ಲ. ಪರದೆ ಬೆಳಗಿದ ಕೂಡಲೇ ಬಾಲದಿಂದ ಹಲ್ಲಿನ ತನಕ ಹಾವನ್ನೆಲ್ಲ ತೋರಿಸಿಬಿಟ್ಟರು. ಇನ್ನು ಥಿಯೇಟರಿನಲ್ಲಿ ಹೆದರುವುದಕ್ಕೆ ಉಳಿದದ್ದೇನು? ನಿನ್ನ ಅಜ್ಜಿ ರಾಕ್ಷಸನನ್ನು ಒಮ್ಮೆಲೇ ಒಳಗೆ ತರುತ್ತಿರಲಿಲ್ಲ. ಮೊದಲು ಹೊಸ್ತಿಲ ಆಚೆ ನಿಲ್ಲಿಸಿ, “ನರಮನುಷ್ಯಾರ ವಾಸನಿ ಬರ್ಲಿಕತ್ತದ” ಅನ್ನಿಸುತ್ತಿದ್ದಳು. ನಾವು ಹುಡುಗರು ನಮ್ಮ ನಮ್ಮ ತೋಳನ್ನೇ ಮೂಸಿ ನೋಡಿಕೊಂಡು ಕೌದಿಯೊಳಗೆ ಮುದುಡುತ್ತಿದ್ದೆವು.

ಎರಡನೆಯದನ್ನು ಎರಡು ಭಾಗ ಮಾಡಿದ್ದಾರಂತೆ, ಉಳಿದರ್ಧ ಮರುವರ್ಷವಂತೆ. ಹಸಿದವನ ಮುಂದೆ ತಾಟು ಇಟ್ಟು ಎಳೆದುಕೊಂಡ ಹಾಗಾಯಿತು. ಕೇಳುವವನಿಗೆ ನಿದ್ದೆ ಹತ್ತಿದರೆ ಮಾತ್ರ ಕತೆಯನ್ನು ಅರ್ಧಕ್ಕೆ ಬಿಡಬಹುದು. ಮೂರನೆಯದರಲ್ಲಿ ರಾಜರೇ ರಾಜರು, ಎಲ್ಲರ ಮೈಮೇಲೂ ಕಬ್ಬಿಣ, ಒಬ್ಬನೂ ಉಂಡದ್ದು ಕಾಣಲಿಲ್ಲ. ನಮ್ಮ ರಾಜಕುಮಾರ ಏಳು ಸಮುದ್ರದಾಚೆ ಹೊರಟರೂ ಹೆಗಲಿಗೆ ಬುತ್ತಿಯ ಗಂಟು ಇರುತ್ತಿತ್ತು, ಅದರಲ್ಲಿ ರೊಟ್ಟಿ, ಶೇಂಗಾ ಹಿಂಡಿ. ಆದರೆ ಮೂರನ್ನೂ ಮೊದಲ ದಿನವೇ ನಾಶಿಕಕ್ಕೆ ಹೋಗಿ ನೋಡುತ್ತೇನೆ. ಬಯ್ಯುವುದು ಬೇರೆ, ಬಿಡುವುದು ಬೇರೆ. ಇಷ್ಟನ್ನು ನಿನ್ನ ಪೇಜಿನಲ್ಲಿ ಹಾಕಿಕೊ.

ಇನ್ನು ನೀನೂ ನಿನ್ನ ಗೆಳೆಯರೂ ಇಂಟರ್ನೆಟ್ಟಿನಲ್ಲಿ ಆಡುವ ಆ ಏಳು ಬಾಗಿಲ ಕೋಟೆಯ ಆಟ. ಅದರ ಬಗ್ಗೆ ನನಗಿಂತ ಅಜ್ಜಿ ಚೆನ್ನಾಗಿ ಹೇಳಿದ್ದಾಳೆ. ದೀಪಾವಳಿ ರಜೆಗೆ ನೀನು ಬಂದಾಗ ನಿನ್ನ ಬೆನ್ನ ಹಿಂದೆ ಸ್ಟೂಲು ಹಾಕಿಕೊಂಡು ನೋಡುತ್ತಿದ್ದಳಲ್ಲ. ಕೊಂದ ರಾಕ್ಷಸ ಗಳಿಗೆಯಲ್ಲಿ ಮತ್ತೆ ಅಲ್ಲೇ ಎದ್ದು ನಿಂತದ್ದನ್ನು ನೋಡಿ, “ಹಿಂಗಾದ್ರ ಅವನ ಹೇಣ್ತಿ ಅಳೂದು ಯಾವಾಗ?” ಎಂದು ಕೇಳಿದಳು. ರಾಕ್ಷಸನ ತಲೆಯ ಮೇಲಿನ ಕೆಂಪು ಪಟ್ಟಿಯೇ ಅವನ ಜೀವ ಎಂದು ನೀನು ಹೇಳಿದಾಗ ಸೆರಗು ಬಾಯಿಗೆ ಹಚ್ಚಿ ನಕ್ಕಳು. “ಎಂಥಾ ಹುಚ್ಚ ರಾಕ್ಷಸೋ ತಮ್ಮಾ. ಜೀವಾ ತೆಲಿ ಮ್ಯಾಲ ಇಟಗೊಂಡು ತಿರುಗತಾನ. ನಮ್ಮ ಕತಿ ರಾಕ್ಷಸ ಏಳು ಸಮುದ್ರದ ಆಚಿಗಿ, ಗಿಣಿ ಗಂಟಲದಾಗ ಮುಚ್ಚಿಡತಿದ್ದ.”

ಆ ಕೋಟೆಯ ಬಾಗಿಲಲ್ಲಿ ಹೂ ಮಾರುವ ಮುದುಕಿಯೊಬ್ಬಳಿದ್ದಾಳೆ. ಯಾರು ಹೋಗಿ ಏನು ಕೇಳಿದರೂ ಒಂದೇ ಮಾತು ಆಡುತ್ತಾಳೆ. ನೀವೆಲ್ಲ ಅವಳನ್ನು ದಾಟಿಕೊಂಡು ಓಡುತ್ತಿದ್ದಿರಿ. ಅಜ್ಜಿಗೆ ಅವಳ ಮೇಲೆ ಮರುಕ. “ಪಾಪ, ಯಾರೂ ಕೇಳೂದಿಲ್ಲಂತ ಒಂದೇ ಮಾತು ಇಟಗೊಂಡು ಕುಂತಾಳ” ಅಂದಳು. “ಅಜ್ಜೀ, ಅಕಿ ಖರೇ ಮನಷಾಳಲ್ಲ, ಮಷೀನ್ ಅದ” ಎಂದೆ ನೀನು. “ಮಷೀನ್ ಇದ್ರೇನು, ಮಾತಾಡ್ಸಿದಾವ್ರಿಗಿ ಉತ್ತರಾ ಕೊಡತಾಳಲ್ಲ” ಎಂದಳು. ಹರಿದಾಸ, ಇಲ್ಲಿ ಒಂದು ಹೂಂ ಬರಬೇಕು.

ಆ ರಜೆಯಲ್ಲೇ ನೀನು ನಮ್ಮ ಕಂಪ್ಯೂಟರಿಗೆ ಮೈಕು, ಸ್ಪೀಕರು ಜೋಡಿಸಿ ಕೊಟ್ಟೆ. “ಅಜ್ಜೀ, ನೀ ಇಲ್ಲೇ ಕುಂತು ಹೇಳು, ನಾ ಹಾಸ್ಟೆಲ್‌ನ್ಯಾಗ ಕೇಳತೀನಿ” ಎಂದೆ. ನಮ್ಮ ಫ್ಯಾಕ್ಟರಿ ಕಾಲೋನಿಗೆಲ್ಲ ಹೊಟ್ಟೆಕಿಚ್ಚು. ಸಂಜೆ ದೇವರಿಗೆ ದೀಪ ಹಚ್ಚಿದವಳೇ ಬಂದು ಕುರ್ಚಿ ಏರುತ್ತಿದ್ದಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. “ಕೇಳತಿಯೇನೋ ತಮ್ಮಾ?” ಹೂಂ. “ಒಂದೂರಾಗ ಒಬ್ಬ ರಾಜ ಇದ್ದ.” ಹೂಂ. ಪಕ್ಕದ ಮನೆಯ ನಿರುಪಮಾ ಬಂದರೆ ಅವಳ ಮುಂದೆ ನನ್ನನ್ನು ಹಂಗಿಸುವುದು ಬೇರೆ. “ಇಂವ ಸಣ್ಣಾವಿದ್ದಾಗ ರಾಜಕುಮಾರ ಊರ ಬಿಡೂದ್ರಾಗ ಗೊರಕಿ ಹೊಡೀತಿದ್ದ. ನಮ್ಮ ನಿಖ್ಯಾ ನೋಡವಾ, ಒಂದು ಹೂಂ ತಪ್ಪಸೂದಿಲ್ಲ.” ಆ ದಿನಗಳಲ್ಲಿ ಅವಳು ಎರಡು ರೊಟ್ಟಿ ಹೆಚ್ಚು ಉಣ್ಣುತ್ತಿದ್ದಳು. ಇದನ್ನು ನಿನಗೆ ಹೇಳಿರಲಿಲ್ಲ, ಈಗ ಹೇಳಿದೆ.

ಅವಳು ಹೋದ ಮರುದಿನ ವೈಜಾಪುರದಲ್ಲಿ ಬಸ್ಸು ಕೆಟ್ಟು ನೀನು ತಡವಾಗಿ ಬಂದೆ. ನಿನಗಾಗಿ ಮಣ್ಣು ತಡೆದೆವು. ಹೆಂಗಸರೆಲ್ಲ ನಿನ್ನನ್ನು ಸುತ್ತುಗಟ್ಟಿ ಕೇಳಿದರು, ಅಜ್ಜಿ ಕಡೆಗೆ ಮಾತಾಡಿದ್ದು ನಿನ್ನ ಜೊತೆಗೇ ಅಲ್ಲವೇ ಎಂದು. ನೀನು ಕಣ್ಣೊರೆಸಿಕೊಂಡು, “ಹೌದ್ರಿ. ಪೂರಾ ಕತಿ ಹೇಳಿ ಮುಗಿಸಿದ್ಲು. ನಾ ಹೂಂ ಅನ್ಕೋತ ಕೇಳಿದೆ. ಆಮ್ಯಾಲ ಮಲಗೋ ತಮ್ಮಾ ಅಂದ್ಲು” ಎಂದೆ. ಹರಿದಾಸನ ಹೆಂಡತಿ ರುಕ್ಮಿಣಿಬಾಯಿ ನಿನ್ನ ಎರಡೂ ಕಿವಿ ಹಿಡಿದು, “ಪುಣ್ಯಾದ ಕಿವಿ ಇವು” ಎಂದು ನೆಟಿಗೆ ಮುರಿದಳು. ಬಹುಶಃ ಈಗಲೂ ಅಲ್ಲೇ ಬಾಗಿಲಲ್ಲಿ ನಿಂತು ಕೇಳುತ್ತಿರಬೇಕು. ತಂಗೀ, ಒಳಗೆ ಹೋಗಬೇಡ, ಕೂತು ಕೇಳು.

ದಿವಸ ಮುಗಿದ ಮೇಲೆ ಒಂದು ಸಂಜೆ ಮನೆ ಭಣಭಣ ಅನ್ನುತ್ತಿತ್ತು. ನಿನ್ನ ದನಿ ಕೇಳೋಣವೆಂದು ನಾನೂ ಆ ಕುರ್ಚಿಯಲ್ಲಿ ಕೂತೆ. ನಿನ್ನ ಹೆಸರಿನ ಮುಂದೆ ಹಸಿರು ಚುಕ್ಕೆ ಇತ್ತು. “ಊಟಾತೇನೋ?” ಎಂದೆ. ನೀನು ಹೂಂ ಅಂದೆ. “ಅಜ್ಜಿ ಇಲ್ಲದ ಮನಿ ನೋಡಾಕ ಆಗವಲ್ದು.” ಹೂಂ. ನಿನ್ನ ದನಿಯಲ್ಲಿ ಅಷ್ಟು ಮೆತ್ತಗಿನ ಹೂಂ ಕೇಳಿ ನನಗೆ ಅಳು ಬಂತು, ಅತ್ತೂಬಿಟ್ಟೆ. ನೀನು ಹೂಂ ಅಂದೆ. “ಅಕಿ ನಿನಗ ಕಡೀಕ ಹೇಳಿದ್ದು ಯಾವ ಕತಿ?” ಹೂಂ. “ಹೂಂ ಅಲ್ಲೋ, ಯಾವ ಕತಿ?” ಹೂಂ.

ಅಷ್ಟರಲ್ಲಿ ಅಡುಗೆಮನೆಯಲ್ಲಿ ಕುಕ್ಕರ್ ಸೀಟಿ ಹೊಡೆಯಿತು. ಅದಕ್ಕೂ ನೀನು ಹೂಂ ಅಂದೆ. ಬೀದಿಯಲ್ಲಿ ಸೊಪ್ಪು ಮಾರುವ ಭಾಜಿಯವನು ‘ಮೇಥೀ, ಕೋಥಿಂಬೀರ್’ ಎಂದು ಕೂಗಿದ. ಹೂಂ. ನಾಯಿ ಬೊಗಳಿತು. ಹೂಂ. ನನಗೆ ಮೊದಲು ನಗು ಬಂತು ನೋಡು, ಬೇಕೆಂದೇ ಒಂದು ಮಾತು ಹೇಳಿದೆ. “ನಿನಗ ಅಗಸರ ಕತ್ತಿ ಜೋಡಿ ಮದಿವಿ ಗೊತ್ತು ಮಾಡೀನಿ.” ಹೂಂ. “ನೀ ನನ್ನ ಮಗ ಅಲ್ಲ.” ಹೂಂ ಅಂದೆ. ಅದೇ ಮೆತ್ತಗಿನ ಹೂಂ. ಉಸಿರು ಬಿಗಿಹಿಡಿದು ಸುಮ್ಮನೆ ಕೂತೆ. ಆಗ ನೀನೂ ಸುಮ್ಮನಾದೆ.

ನಿನ್ನ ಮೊಬೈಲಿಗೆ ಫೋನು ಹಚ್ಚಿದರೆ ನಿನ್ನ ರೂಮಿನ ಅವಿನಾಶ್ ಎತ್ತಿದ. ನಿಖಿಲ ಕೆಳಗೆ ಹುಡುಗರ ಜೊತೆ ಆಟದಲ್ಲಿದ್ದಾನೆ ಎಂದ. ಹಾಗಾದರೆ ಹೂಂ ಅನ್ನುತ್ತಿರುವವರು ಯಾರು ಎಂದು ಕೇಳಿದೆ. ಒಳ್ಳೆಯ ಹುಡುಗ, ಮುಚ್ಚಿಡಲಿಲ್ಲ. “ಕಾಕಾ, ತೇ ತರ್ ಆಜೀಸಾಠೀ ಬನವಲಂಯ್” ಎಂದ. ಅಜ್ಜಿಗೆಂದೇ ಮಾಡಿದ್ದಂತೆ. ನಿನ್ನ ಹೂಂ ಒಂದನ್ನು ರೆಕಾರ್ಡ್ ಮಾಡಿಟ್ಟು, ಈ ಕಡೆಯ ಸದ್ದು ನಿಂತಾಗಲೆಲ್ಲ ಕಂಪ್ಯೂಟರೇ ಅದನ್ನು ನುಡಿಸುವ ಹಾಗೆ ಮಾಡಿದ್ದೀಯಂತೆ. ದೀಪಾವಳಿ ರಜೆ ಮುಗಿಸಿ ಹೋದಂದಿನಿಂದಲೇ ನಡೆದಿದೆಯಂತೆ, ನಿನ್ನ ಆಟದ ಹೊತ್ತೂ ಅಜ್ಜಿಯ ಕತೆಯ ಹೊತ್ತೂ ಒಂದೇ ಆಗಿತ್ತಂತೆ. ಹಾಸ್ಟೆಲಿನಲ್ಲಿ ಎಲ್ಲರೂ ನಿನ್ನ ಬೆನ್ನು ತಟ್ಟಿದರಂತೆ. ಒಂದು ಸಲ ಕೂಡ ಪೂರ್ತಿ ಕೂತು ಕೇಳಲಿಲ್ಲವೇ ಎಂದೆ. ಅವನು ಹೂಂ ಅನ್ನಲಿಲ್ಲ, ನೋಡು, ಆ ಹುಡುಗನಿಗೆ ನಾಚಿಕೆ ಇದೆ.

ನಿನ್ನ ಕೈಚಳಕಕ್ಕೆ ನಾನೂ ತಲೆದೂಗಿದೆ, ಮಗಾ. ರಾಕ್ಷಸ ತನ್ನ ಜೀವವನ್ನು ಗಿಳಿಯಲ್ಲಿ ಇಟ್ಟ. ನೀನು ನಿನ್ನ ಹೂಂ ಅನ್ನು ಗಿಳಿಯಲ್ಲಿ ಇಟ್ಟೆ. ರಾಕ್ಷಸ ಆಗಾಗ ಹೋಗಿ ಗಿಳಿಗೆ ಹಣ್ಣು ತಿನ್ನಿಸಿ ಬರುತ್ತಿದ್ದ.

ಅದನ್ನು ತೆಗೆಯಬೇಡ. ಸಂಜೆ ನಿಮ್ಮವ್ವ ಪಂಚವಟಿಗೆ ಭಜನೆಗೆ ಹೋದಾಗ ನಾನು ಅಲ್ಲಿ ಕೂತು ಕತೆ ಹೇಳುತ್ತೇನೆ. ಚೆನ್ನಾಗಿ ಕೇಳುತ್ತದೆ. ಪೂರ್ತಿ ಕೇಳಿದೆ ಎಂದು ಹೆಣದ ಮುಂದೆ ನಿಂತು ಸುಳ್ಳು ಹೇಳುವುದಿಲ್ಲ. ಸಂಕ್ರಾಂತಿಗೆ ನೀನು ಬರಲೇಬೇಕೆಂದೇನೂ ಇಲ್ಲ. ಅದಿದೆಯಲ್ಲ.

ದೇವರು ನಿನಗೆ ನೂರು ವರ್ಷ ಆಯುಷ್ಯ ಕೊಡಲಿ. ಮಕ್ಕಳಾಗಲಿ, ಮೊಮ್ಮಕ್ಕಳಾಗಲಿ. ಹಲ್ಲು ಬಿದ್ದ ಮೇಲೆ ನೀನು ಅವರಿಗೆ ಕತೆ ಹೇಳುವಂತಾಗಲಿ. ಅವರು ನಿನ್ನ ಹಾಗೆಯೇ ಜಾಣರಾಗಲಿ.

ಇಂತಿ ನಿನ್ನ ಅಪ್ಪ,
ಸಾಯಬಣ್ಣ

ತಾ.ಕ.: ಕಡೆಯ ಕತೆ ಯಾವುದೆಂದು ಕೇಳಿದ್ದೆನಲ್ಲ. ನಿನಗೆ ಗೊತ್ತಿಲ್ಲವೆಂದು ಗೊತ್ತಿದ್ದೇ ಕೇಳಿದೆ. ಅವಿನಾಶನ ಫೋನು ಇಟ್ಟ ಮೇಲೆ ನಿರುಪಮಾಳನ್ನು ಕರೆದು ವಿಚಾರಿಸಿದೆ.

ಅಂದು ನಾನು ಫ್ಯಾಕ್ಟರಿಯಲ್ಲಿ ಎರಡನೇ ಪಾಳಿಯಲ್ಲಿದ್ದೆ, ನಿಮ್ಮವ್ವ ಪಂಚವಟಿಯಲ್ಲಿದ್ದಳು. ನಿರುಪಮಾ ಮೊಸರಿನ ಪಾತ್ರೆ ಕೊಡಲು ಬಂದಾಗ ಅಜ್ಜಿ ಕುರ್ಚಿಯಲ್ಲಿ ಎದೆ ಒತ್ತಿಹಿಡಿದು ಕೂತಿದ್ದಳಂತೆ, ಮೈಯೆಲ್ಲ ಬೆವರು. “ಯಾಕ್ರಿ ಅಜ್ಜಿ, ಯಾರನ್ನಾರ ಕರೀಲೇನ್ರಿ?” ಎಂದು ಇವಳು ಕೇಳಿದಳು. “ಬ್ಯಾಡವಾ, ನಿನ್ನ ಒಲಿ ಮ್ಯಾಲ ಅನ್ನ ಇರಬೇಕು, ಹೋಗು. ಎದಿ ಹಿಡದದ ತಮ್ಮಾ, ನಿಮ್ಮಪ್ಪಗ ಫೋನ್ ಹಚ್ಚು ಅಂತ ನಿಖ್ಯಾಗ ಹೇಳೀನಿ. ಹೂಂ ಅಂದಾನ” ಎಂದಳು ಅಜ್ಜಿ. ನಿರುಪಮಾಳ ಸಮಾಧಾನಕ್ಕೆಂದು ಮತ್ತೊಮ್ಮೆ ಮೈಕಿನ ಕಡೆ ಬಾಗಿ ಕೇಳಿದಳು. “ಹಚ್ಚಿದೇನೋ ತಮ್ಮಾ? ನಿಮ್ಮಪ್ಪ ಬರ್ಲಿಕತ್ತಾನ?” ಸ್ಪೀಕರಿನಲ್ಲಿ ನಿನ್ನ ದನಿ ಹೂಂ ಅಂದಿತು. ನಿರುಪಮಾ ತನ್ನ ಕಿವಿಯಾರೆ ಕೇಳಿ, ನೀರು ಕುಡಿಸಿ, ಒಲೆ ನೋಡಲು ಹೋದಳು. ಫೋನು ನನಗೆ ಬಂದಿತ್ತೆಂದೇ ಅವಳು ಇಷ್ಟು ದಿನ ತಿಳಿದಿದ್ದಳು. ತಿರುಗಿ ಬಂದಾಗ ಅಜ್ಜಿಯ ಮುಖ ಬಾಗಿಲ ಕಡೆಗಿತ್ತಂತೆ, ನಾನು ಬರುವ ದಾರಿ ನೋಡುತ್ತ. ನಿರುಪಮಾ ಚೀರಿಕೊಂಡದ್ದಕ್ಕೂ ನೀನು ಹೂಂ ಅಂದೆ.

ಫ್ಯಾಕ್ಟರಿಯ ಆಸ್ಪತ್ರೆ ನಮ್ಮ ಓಣಿಯ ತುದಿಗೇ ಇದೆ. ನಿಮ್ಮವ್ವನಿಗೆ ಇದನ್ನು ಹೇಳಿಲ್ಲ. ನಿನಗೆ ಹೇಳಿದ್ದೇನೆ.

ಹರಿದಾಸ, ಮುಂದೆ ಓದಲು ಏನೂ ಇಲ್ಲ. ಆದರೂ ಅವನು ಹೂಂ ಅನ್ನುವ ತನಕ ಕಾಯಿ.